ಗೆದ್ದ ಮೇಲೆ ಹೇಳಿದ ಸುದ್ದಿ

ಸುಗಟೂರು, ಕೋಲಾರ ತಾಲ್ಲೂಕು
9 ಫೆಬ್ರವರಿ 2025, ಭಾನುವಾರ

ಪ್ರೀತಿಯ ತಮ್ಮ ಮುನಿಕೃಷ್ಣನಿಗೆ,

ಮಂಡಿ ಹೇಗಿದೆ? ಹೋದ ವರ್ಷ ಎರಡನೇ ಸಲ ಆಪರೇಷನ್ ಆಯಿತೆಂದು ಪೇಪರಿನಲ್ಲಿ ಓದಿದೆ. ಒಡಹುಟ್ಟಿದವನ ಮಂಡಿಯ ಸಮಾಚಾರವನ್ನು ಕ್ರೀಡಾಪುಟದಲ್ಲಿ ಓದುವ ಭಾಗ್ಯ ಈ ಜಿಲ್ಲೆಯಲ್ಲಿ ಬಹುಶಃ ನನಗೊಬ್ಬನಿಗೇ. ನಾವು ಚೆನ್ನಾಗಿದ್ದೇವೆ. ನಿನ್ನ ಅತ್ತಿಗೆ ವಾಣಿಶ್ರೀಗೆ ಬಿ.ಪಿ., ನನಗೆ ಬೊಜ್ಜು. ಇಬ್ಬರಿಗೂ ಸೇರಿ ಒಂದೇ ವಾಕಿಂಗು, ಅದೂ ಹಿಪ್ಪುನೇರಳೆ ತೋಟದವರೆಗೆ. ಫೋನ್ ಮಾಡಿದರೆ ನೀನು ಕಟ್ ಮಾಡುತ್ತೀಯ. ಕಾಗದವನ್ನು ಹರಿಯಬೇಕಾದರೂ ಒಮ್ಮೆ ಕೈಗೆ ತೆಗೆದುಕೊಳ್ಳಲೇಬೇಕಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬರುವ ಶನಿವಾರ ನಿನ್ನ ಕೊನೆಯ ಪಂದ್ಯವಂತೆ. ಇಪ್ಪತ್ತು ವರ್ಷ, ಐದು ಕ್ಲಬ್ಬು, ನೂರ ಮೂವತ್ತೊಂದು ಗೋಲು. ಮೂವತ್ತೊಂಬತ್ತು ತುಂಬಿದರೂ ಸ್ಟ್ರೈಕರ್ ಜಾಗ ಬಿಟ್ಟುಕೊಡಲಿಲ್ಲ ನೀನು. ಕಾಲು ಸೋತರೂ ಗೋಲು ಸೋಲಲಿಲ್ಲ. ಪ್ರಾಸ ಕಂಡರೆ ಬಿಡುವವನಲ್ಲ ನಾನು, ನಿನಗೆ ಗೊತ್ತು. ಸ್ಟ್ರೈಕರ್ ಕೆಲಸವೇನೆಂದು ನೀನು ಅಮ್ಮನಿಗೆ ವಿವರಿಸಿದ ದಿನ ಅವಳು ಇಡೀ ಬೀದಿಗೆ ಕೇಳುವಂತೆ ಹೇಳಿದ್ದಳು: "ಹತ್ತು ಜನ ಬೆವರು ಸುರಿಸಿ ತಂದ್ಕೊಡ್ತಾರಂತೆ, ನಮ್ಮೋನು ಕೊನೇಲಿ ಒದ್ದು ಹೆಸರು ತಗೊಂತಾನಂತೆ. ಮನೇಲೂ ಅದೇ ಕಣಮ್ಮಾ. ಸೊಪ್ಪು ಕುಯ್ಯೋದು ದೊಡ್ಡೋನು ಕದಿರೇಶ, ಗೂಡು ಮಾರ್ಕೊಂಡು ಬಂದು ಮೀಸೆ ತಿರುವೋದು ಇವ್ನು." ಹಾಗೆಂದವಳೇ ನೀನು ಆಡುವ ದಿನ ಆಂಜಿಯ ಕಟಿಂಗ್ ಷಾಪಿಗೆ ಹೋಗಿ, ಮುಖಕ್ಕೆ ನೊರೆ ಬಳಿದುಕೊಂಡ ಗಂಡಸರ ನಡುವೆ ಟೀವಿ ಮುಂದೆ ಕೂರುತ್ತಿದ್ದಳು.

ಆರು ವರ್ಷದಿಂದ ಬರೆಯಬೇಕಾದದ್ದನ್ನು ಈಗ ಬರೆಯುತ್ತೇನೆ. ನಮ್ಮ ಮನೆಯ ಪದ್ಧತಿ ನಿನಗೆ ಮರೆತಿರಲಾರದು. ಹಣ್ಣಾದ ರೇಷ್ಮೆಹುಳು ಚಂದ್ರಿಕೆಯ ಬಿದಿರು ತಟ್ಟೆ ಏರಿ ಗೂಡು ಕಟ್ಟಿ ಮುಗಿಸುವವರೆಗೆ, ಯಾರೇ ಸತ್ತರೂ ಸುದ್ದಿ ಹೊಸಿಲು ದಾಟಿ ಒಳಗೆ ಬರುವಂತಿರಲಿಲ್ಲ. ಮಾಸ್ತಿಯಲ್ಲಿ ಅಮ್ಮನ ಸ್ವಂತ ಅಣ್ಣ ಹೋದಾಗ ನಾವು ಅವಳಿಗೆ ಹೇಳಿದ್ದು ಮೂರು ದಿನದ ನಂತರ. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಒಳ್ಳೇದೇ ಮಾಡಿದ್ರಿ ಬಿಡ್ರೋ, ನಾನ್ ಅಳ್ತಾ ಕೂತಿದ್ರೆ ಹುಳ ನೋಡೋರ್ಯಾರು?" ಎಂದಿದ್ದಳು. ಆ ಮಾತನ್ನು ನಾನು ಜೀವನದ ಪಾಠವೆಂದು ಇಟ್ಟುಕೊಂಡೆ. ಬಿ.ಎ. ಮಾಡಿಯೂ ಕಲಿತದ್ದು ಅಷ್ಟೇ.

ಅಮ್ಮ ಹೋದದ್ದು ಶನಿವಾರ ಸಂಜೆ. ಕೊಲ್ಕತ್ತಾದಲ್ಲಿ ನಿನ್ನ ಫೈನಲ್ ಭಾನುವಾರ ಸಂಜೆ. ತಾಯಿಗೆ ಕೊಳ್ಳಿ ಇಡಬೇಕಾದವನು ಕಿರಿಯ ಮಗ. ಊರೆಲ್ಲ ಅದನ್ನೇ ಹೇಳಿತು. ವಾಣಿಶ್ರೀ ಫೋನನ್ನು ನನ್ನ ಕೈಗೇ ತುರುಕಿದಳು. ಹದಿನಾಲ್ಕು ವರ್ಷ ಕಾದು ಸಿಕ್ಕಿದ ಮೊದಲ ಫೈನಲ್, ಅವನು ಗೂಡು ಕಟ್ಟಿ ಮುಗಿಸಲಿ, ಆಮೇಲೆ ಹೇಳೋಣ ಎಂದು ನಾನು ಅದನ್ನು ಜೇಬಿಗಿಟ್ಟೆ. ತಮ್ಮನನ್ನು ರೇಷ್ಮೆಹುಳುವಿನ ಲೆಕ್ಕಕ್ಕೆ ಹಿಡಿದ ಅಣ್ಣ ಪ್ರಪಂಚದಲ್ಲಿ ನಾನೊಬ್ಬನೇ ಇರಬೇಕು. ಭಾನುವಾರ ಬೆಳಿಗ್ಗೆ ನೀನು ಇಡಬೇಕಾದ ಕೊಳ್ಳಿಯನ್ನು ನಾನು ಇಟ್ಟೆ. ಸಂಜೆ ನೀನು ಎರಡು ಗೋಲು ಹೊಡೆದೆ. ಅಂಗಿ ಬಿಚ್ಚಿ ಬೀಸುತ್ತಾ ಕುಣಿದೆ. ಆಂಜಿ ಎದ್ದು ಟೀವಿ ಆರಿಸಿದ. ಆ ರಾತ್ರಿ ನಿನಗೆ ಫೋನ್ ಮಾಡಿ ಸುದ್ದಿ ಹೇಳಿದೆ.

ಮರುದಿನ ನೀನು ಬಂದಾಗ ಬಯ್ಯುತ್ತೀಯ, ಹೊಡೆಯುತ್ತೀಯ ಎಂದುಕೊಂಡಿದ್ದೆ. ನೀನು ಬೂದಿಯ ಮುಂದೆ ಕುಕ್ಕರಗಾಲಲ್ಲಿ ಕೂತು, "ಅಣ್ಣಾ, ನಾನ್ ಕುಣ್ದೆ ಕಣೋ. ದೇಶವೆಲ್ಲ ನೋಡೋ ಹಂಗೆ ಕುಣ್ದೆ" ಎಂದೆ. ನನ್ನೊಡನೆ ನೀನಾಡಿದ ಕೊನೆಯ ಮಾತು ಅದು. ಅಲ್ಲಿಂದಾಚೆ ನೀನು ಗೋಲು ಹೊಡೆದಾಗಲೆಲ್ಲ ನೋಡಿದ್ದೇನೆ. ಜೊತೆಯವರು ಓಡಿಬಂದು ಅಪ್ಪಿಕೊಳ್ಳುತ್ತಾರೆ, ನೀನು ತಲೆ ತಗ್ಗಿಸಿಕೊಂಡು ನಡುಗೆರೆಗೆ ನಡೆದುಹೋಗುತ್ತೀಯ. ಶಾಂತ ಸ್ವಭಾವದ ಆಟಗಾರನೆಂದು ಕಾಮೆಂಟರಿಯವರು ಹೊಗಳುತ್ತಾರೆ. ಆ ಶಾಂತಿ ನಾನು ಕೊಟ್ಟದ್ದೆಂದು ಅವರಿಗೇನು ಗೊತ್ತು.

ಮುಂದಿನ ತಿಂಗಳು ಅಮ್ಮನ ತಿಥಿ. ಅಷ್ಟರಲ್ಲಿ ಆಟ ಮುಗಿದಿರುತ್ತದೆ, ಊರಿಗೆ ಬಾ. ಈ ಸಲ ಎಡೆ ನೀನೇ ಇಡು. ನಾನು ಎದುರಿಗಿರುವುದು ಬೇಡವೆಂದರೆ ಆ ಒಂದು ದಿನ ಮಾಲೂರಿನಲ್ಲಿ ಸ್ನೇಹಿತನ ಮನೆಯಲ್ಲಿರುತ್ತೇನೆ. ವಾಣಿಶ್ರೀ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ಶನಿವಾರ ಮಂಡಿ ನೋಡಿಕೊಂಡು ಆಡು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಣ್ಣ,
ಕದಿರೇಶ

ತಾ.ಕ.: ಕವರು ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಅಮ್ಮ ನಿಂತ ಹಾಗೇ ಕುಸಿದು ಹೋದಳೆಂದು ನಿನಗೆ ಹೇಳಿದ್ದೆ. ಅದು ಸುಳ್ಳು. ಅವಳು ಬಿದ್ದದ್ದು ಶುಕ್ರವಾರ ಬೆಳಿಗ್ಗೆ. ಕೋಲಾರದ ಆಸ್ಪತ್ರೆಯಲ್ಲಿ ಎರಡು ದಿನ ಮಾತಾಡುತ್ತಲೇ ಇದ್ದಳು. "ಚಿಕ್ಕೋನು ಎಲ್ಲವ್ನೆ?" ಎಂದು ಎಷ್ಟು ಸಲ ಕೇಳಿದಳೋ ಲೆಕ್ಕವಿಲ್ಲ. ನೀನು ಹೊರಟಿದ್ದೀಯ, ದಾರಿಯಲ್ಲಿದ್ದೀಯ ಎಂದೆ. ನಂಬಿದಳು, ಮುನಿಯಾ. ನಂಬಿ, ನರ್ಸಮ್ಮನ ಹತ್ತಿರ ಬಾಚಣಿಗೆ ಕೇಳಿ ತಲೆ ಬಾಚಿಸಿಕೊಂಡಳು. ಇದನ್ನು ಓದಿದ ಮೇಲೂ ಬರುವುದಾದರೆ ಬಾ.