ಕೋಡಿಯ ಅಗಲ

೧೯೫೭ ಮೇ ೨೮, ಮಂಗಳವಾರ. ಸುರಪುರ.

ಗುಡ್ಡದ ಹೊಸ ಕೆರೆಗೆ ಹೋಗಿದ್ದೆ. ಏರಿ ಎದ್ದಿದೆ, ಹೆಚ್ಚಾದ ನೀರು ಹೊರಹೋಗುವ ಕೋಡಿಗೆ ಕಲ್ಲು ಕಟ್ಟುತ್ತಿದ್ದಾರೆ. ಅಗಲ ಹನ್ನೆರಡು ಅಡಿ. ಕುರಿ ಕಾಯುವ ಮಲಕಮ್ಮ ನೋಡಿ ನಕ್ಕಳು.

"ಇದೇನ್ರಿ ಸಾಹೇಬ್ರ, ನೀರಿಗೆ ಇಟ್ಟ ಬಾಗಲಾ? ನನ್ನ ಕುರಿ ಹಿಂಡು ಸೈತ ಒಮ್ಮಿಗೆ ಹಾಯಂಗಿಲ್ಲ."

"ನಕ್ಷಾ ನೋಡೇ ಇಟ್ಟೀವಬೇ."

"ನಕ್ಷಾದಾಗ ಗುಡ್ಡ ರೊಟ್ಟಿ ಇದ್ಹಂಗ ಅದ ಏನು? ಇಲ್ಲಿ ಬೋಗುಣಿ ಅದ ನೋಡ್ರಿ. ಬರೀ ಕಲ್ಲು, ಬಿದ್ದ ಹನಿ ನಿಲ್ಲಂಗಿಲ್ಲ. ಸುತ್ತಲ ಹಳ್ಳ ಎಲ್ಲಾ ಒಮ್ಮಿಗೇ ಬರ್ತಾವ."

ಕಚೇರಿಗೆ ಬಂದು ನಿಜಾಮರ ಕಾಲದ ಉರ್ದು ಕಡತ ತೆಗೆದೆ. ಅದನ್ನು ಕನ್ನಡಕ್ಕೆ ಇಳಿಸಿದವನು ನಾನೇ. ನೀರು ಹರಿದು ಬರುವ ನೆಲದ ವಿಸ್ತೀರ್ಣ ಸರಿಯಾಗಿಯೇ ಬರೆದಿದ್ದೇನೆ. ಆದರೆ ಕೆಳಗೆ ಹಳೆಯ ಸರ್ವೇಯರನ ಎರಡು ಸಾಲು: ನೆಲ ದುಂಡಗಿದೆ, ಸುತ್ತಲೂ ಕಡಿದಾದ ಕಲ್ಲುಗುಡ್ಡ, ನೀರೆಲ್ಲ ಒಟ್ಟಿಗೆ ಇಳಿಯುತ್ತದೆ. ಬರಿಯ ವರ್ಣನೆಯೆಂದು ಬಿಟ್ಟಿದ್ದೆ. ಕಾದಂಬರಿಗಳಲ್ಲಿ ವರ್ಣನೆ ಕತ್ತರಿಸುವ ಅನುವಾದಕರನ್ನು ಬೈದುಕೊಳ್ಳುವ ನಾನು.

ವಿಸ್ತೀರ್ಣ ಒಂದೇ ಎಂದು ಯಾದಗಿರಿಯ ಇಂಜಿನಿಯರರು ವಡಗೇರಾ ಕಡೆಯ ಒಂದು ಕೆರೆಯ ಕೋಡಿಯ ಅಳತೆಯನ್ನೇ ಇಲ್ಲಿಗೂ ಇಟ್ಟರು. ಅಲ್ಲಿ ಉದ್ದನೆಯ ಇಳಿಜಾರು ಬಯಲು, ನೀರು ದಿನವಿಡೀ ನಿಧಾನವಾಗಿ ಬರುತ್ತದೆ. ಇಲ್ಲಿ ಒಂದು ತಾಸಿನಲ್ಲಿ ಬಂದರೆ ಕೋಡಿ ಸಾಲದು, ಏರಿ ಒಡೆಯುತ್ತದೆ. ಕೆಳಗೆ ಹದಿನಾಲ್ಕು ಮನೆ. ಮಿರಗದ ಮುಂಗಾರು ಮಳೆಗೆ ಹತ್ತೇ ದಿನ.

ಇಂಜಿನಿಯರರು ಧಾರವಾಡದವರು, ಉರ್ದು ಬಾರದು. ನಾನು ಸುಮ್ಮನಿದ್ದರೆ ಅವರಿಗೆ ತಿಳಿಯುವುದೇ ಇಲ್ಲ. ನನ್ನ ನೌಕರಿ ಇನ್ನೂ ಕಾಯಂ ಆಗಿಲ್ಲ.

ನಾಳೆ ಮೊದಲ ಬಸ್ಸಿಗೆ ಯಾದಗಿರಿಗೆ ಹೋಗುತ್ತೇನೆ. ಉರ್ದು ಕಡತ, ನನ್ನ ಅನುವಾದ ಎರಡನ್ನೂ ಇಂಜಿನಿಯರರ ಮುಂದಿಟ್ಟು, ಆ ಎರಡು ಸಾಲು ಬಿಟ್ಟವನು ನಾನು ಎಂದು ಹೇಳಿ, ಈ ಕೆಲಸ ನಿಲ್ಲಿಸಿ ಕೋಡಿ ಅಗಲ ಮಾಡಿಸಿರಿ ಎಂದು ಕೇಳುತ್ತೇನೆ.