ಶನಿವಾರ ಸಂಜೆಯ ಮಂಟಪ

ಜನವರಿ 27, ಮಂಗಳವಾರ

ಬೆಳಿಗ್ಗೆಯಿಂದ ಫೋನ್ ಕೆಳಗಿಟ್ಟಿಲ್ಲ. ಪಿರಿಯಾಪಟ್ಟಣದಲ್ಲಿ ಪ್ರಿಂಟರ್ ಮುನಿಸು, ಕೆ.ಆರ್. ನಗರದವರಿಗೆ ಪಾಸ್‌ವರ್ಡ್ ಮರೆವು. ಆದರೂ ಖುಷಿ! ಹಬೀಬ್ ಸರ್ ಎಲ್ಲರ ಮುಂದೆಯೇ ಹೇಳಿದರು — "ಸುಫಿಯಾ, ಇನ್ಮೇಲೆ ಮೆಂಟೆನೆನ್ಸ್ ಪೂರ್ತಿ ನಿಂದೇ ಕಣಮ್ಮ."

ಎಲ್ಲರೂ ಅಂದರೆ ನಾನು ಮತ್ತು ರಘು. ಹುಣಸೂರಿನ ಈ ಒಂದು ರೂಮಿನ ಆಫೀಸಿನಲ್ಲಿ ಇನ್ಯಾರಿದ್ದಾರೆ?

ಮದುವೆ ಮಂಟಪಗಳ ಬುಕಿಂಗ್ ಸಾಫ್ಟ್‌ವೇರ್ ಬರೆದವನು ರಘು. ಅಪ್‌ಡೇಟ್ ಮಾಡಿದರೆ ಸೀದಾ ಗ್ರಾಹಕರ ಕಂಪ್ಯೂಟರಿಗೇ ಹಾಕುತ್ತಾನೆ. ಇನ್ನು ಹಾಗಿಲ್ಲ ಎಂದೆ. ಮೊದಲು ನಮ್ಮಲ್ಲಿ ಟೆಸ್ಟ್. ಆಮೇಲೆ ಒಂದು ಮಂಟಪ. ಆಮೇಲೆ ಉಳಿದವು.

"ಇಷ್ಟೊಂದು ಮಡಿ ಮಾಡುದ್ರೆ ಕೆಲ್ಸ ಸಾಗಾಕಿಲ್ಲ ಕಣೆ" ಎಂದು ನಕ್ಕ. ನಗಲಿ.

ಜನವರಿ 28, ಮಧ್ಯಾಹ್ನ

ಟೆಸ್ಟ್‌ನಲ್ಲಿ ಒಂದು ತಪ್ಪು ಸಿಕ್ಕಿಬಿತ್ತು! ಕುರ್ಚಿಯಿಂದ ಹಾರಿಬಿಟ್ಟೆ!

ಭಾನುವಾರದ ಮದುವೆ ಎಂದರೆ ಶನಿವಾರ ಸಂಜೆಯ ಆರತಕ್ಷತೆಯಿಂದಲೇ ಮಂಟಪ ಅವರದು. ಹಳೆಯ ಸಾಫ್ಟ್‌ವೇರ್ ಆ ಸಂಜೆಯನ್ನೂ ಕಾಯ್ದಿರಿಸುತ್ತಿತ್ತು. ರಘುವಿನ ಹೊಸ ಅಪ್‌ಡೇಟ್‌ನಲ್ಲಿ ಅದು ಖಾಲಿ ಎಂದು ತೋರಿಸುತ್ತದೆ. ಯಾರು ಬೇಕಾದರೂ ಬುಕ್ ಮಾಡಬಹುದು!

ತೋರಿಸಿದೆ. ರಘುವಿನ ಮುಖ ಇಳಿಯಿತು. "ಎಚ್.ಡಿ. ಕೋಟೆಗೆ ಹೋದ ವಾರಾನೇ ಹಾಕ್ಬುಟ್ಟಿವ್ನಿ…"

ಕೋಟೆಯ ಬುಕಿಂಗ್ ತೆರೆದು ನೋಡಿದೆವು. ಫೆಬ್ರವರಿ 7, ಶನಿವಾರ ಸಂಜೆ. ಒಂದು ಆರತಕ್ಷತೆ. ಇನ್ನೊಂದು ನಿಶ್ಚಿತಾರ್ಥ. ಒಂದೇ ಮಂಟಪ.

"ಸದ್ದಿಲ್ದೆ ಒಂದನ್ನ ಅಳಿಸ್ಬಿಡಿ, ಆಮೇಲೆ ನೋಡೋಣ" ಎಂದರು ಹಬೀಬ್ ಸರ್.

"ಯಾವ ಹೆಣ್ಣಿಂದು ಅಳಿಸ್ಲಿ ಸರ್?"

ಕನ್ನಡಕ ತೆಗೆದರು, ಹಾಕಿಕೊಂಡರು. "ಹೋಗ್ಬಾ. ತಪ್ಪು ನಮ್ದು ಅಂತಾನೇ ಹೇಳು."

ಜನವರಿ 30

ಕೋಟೆಗೆ ಹೋಗಿ ಮೊದಲು ಹಳೆಯ ವರ್ಷನ್ ವಾಪಸ್ ಹಾಕಿದೆ. ಆಮೇಲೆ ಮಂಟಪದ ಓನರ್ ಸಿದ್ದರಾಜು ಅವರಿಗೆ ವಿಷಯ ಹೇಳಿದೆ. "ಎಲ್ಡು ಕಡೇರ್ ಕೈಲೂ ಒದೆ ತಿನ್ಸ್ತೀರಲ್ಲಮ್ಮ!" ಎಂದು ತಲೆ ಹಿಡಿದುಕೊಂಡರು.

ಮದುವೆಯವರ ಲಗ್ನಪತ್ರಿಕೆ ಆಗಲೇ ಹಂಚಿಯಾಗಿದೆ. ನಿಶ್ಚಿತಾರ್ಥದವರು ಇನ್ನೂ ಯಾರನ್ನೂ ಕರೆದಿಲ್ಲ. ಸರಿ, ನಾನೂ ಸಿದ್ದರಾಜು ಅವರೂ ಅವರ ಮನೆಗೇ ಹೋದೆವು. ತಪ್ಪು ನಮ್ಮದು, ನಿಶ್ಚಿತಾರ್ಥವನ್ನು ಅದೇ ದಿನ ಮಧ್ಯಾಹ್ನಕ್ಕೆ ಮಾಡಿಕೊಳ್ಳಬಹುದೇ ಎಂದು ಕೇಳಿದೆ. ಹುಡುಗಿಯ ಅಪ್ಪ ಎದ್ದು ನಿಂತು ಕೂಗಾಡಿದರು. ಅವರ ತಾಯಿ, ಎಲ್ಲರೂ ದೊಡ್ಡಮ್ಮ ಎಂದು ಕರೆಯುವ ಅಜ್ಜಿ, ಅಡಿಕೆ ಕತ್ತರಿಸುತ್ತಿದ್ದವರು ತಲೆ ಎತ್ತಿದರು.

"ಕುಂತ್ಕಳ್ಳಾ. ಹುಣಸೂರಿಂದ ಬಂದು ತಪ್ಪು ನಮ್ದು ಅಂತಾವ್ಳೆ. ಮಧ್ಯಾನ ಹಾಕುದ್ ಉಂಗ್ರ ಬೆರಳಲ್ಲಿ ನಿಲ್ಲಾಕಿಲ್ವಾ?"

ಜೋಯಿಸರಿಗೆ ಫೋನ್ ಹೋಯಿತು. ಮಧ್ಯಾಹ್ನಕ್ಕೂ ಒಳ್ಳೆಯ ಗಳಿಗೆ ಇದೆಯಂತೆ! ಬಸ್ಸಿನಲ್ಲಿ ಊರು ಬರುವವರೆಗೂ ಒಬ್ಬಳೇ ನಗುತ್ತಿದ್ದೆ.

ಫೆಬ್ರವರಿ 7

ಮಧ್ಯಾಹ್ನ ಉಂಗುರ. ಸಂಜೆ ಆರತಕ್ಷತೆ. ನಡುವೆ ಉಳಿದ ಸ್ವಲ್ಪ ಹೊತ್ತಿನಲ್ಲಿ ಮಂಟಪವೆಲ್ಲ ಗುಡಿಸಿ ಸಜ್ಜು ಮಾಡಬೇಕಿತ್ತು. ಕರೆಯದೆಯೇ ಬಂದಿದ್ದ ರಘು. ಪ್ಯಾಂಟು ಮಡಚಿ ಕುರ್ಚಿ ಸಾಗಿಸಿದ, ನನ್ನ ಮುಖ ಮಾತ್ರ ನೋಡಲಿಲ್ಲ. ಕೊನೆಗೆ ಬಂದು ಹೇಳಿದ — "ಆ ಟೆಸ್ಟಿನ ವಿಷ್ಯ… ಸೋಮವಾರ ಕೂತ್ಕಂಡು ಬರ್ಕಳವಾ?"

ದೊಡ್ಡಮ್ಮ ನನ್ನ ಎಲೆಗೆ ಎರಡನೇ ಸಲ ಪಾಯಸ ಹಾಕಿಸಿದರು.

ಫೆಬ್ರವರಿ 12, ಗುರುವಾರ

ಸರಿಮಾಡಿದ ಅಪ್‌ಡೇಟ್. ಮೂರು ದಿನ ನಾನೂ ರಘುವೂ ಸುಳ್ಳು ಮದುವೆಗಳನ್ನು ಬುಕ್ ಮಾಡಿ, ಕೆಡಿಸಿ, ಜಗಳವಾಡಿ ನೋಡಿದೆವು. ಮೊದಲು ಯಾವ ಮಂಟಪ? ಸಿದ್ದರಾಜು ಅವರೇ ಕೇಳಿದರು — "ನಂದ್ಕೇ ಹಾಕಿ. ಕೆಟ್ರೆ ನಿಮ್ಮನ್ನ ಬೈಯಾದು ನಂಗೆ ಅಭ್ಯಾಸ ಆಗದೆ."

ಬೆಳಿಗ್ಗೆ ಹಾಕಿದೆವು. ಈಗ ತಾನೇ ಅವರ ಫೋನ್.

"ಸುಫಿಯಮ್ಮಾ, ಇದೇನಿದು! ನನ್ ಸ್ವಂತ ಭಾಮೈದನ ಬುಕಿಂಗ್ನೇ ತಗತಾ ಇಲ್ಲ!"

"ಯಾವಾಗ್ಗೆ?"

"ಶನಿವಾರ ಸಂಜೆ. ಭಾನುವಾರ ಯಾರ್ದೋ ಮದ್ವೆ ಅದೆ, ಆದ್ರೆ ಸಂಜೆ—"

"ತಗಳಲ್ಲ ಕಣ್ರೀ! ತಗಳಬಾರ್ದು!" ಕೂಗಿಯೇಬಿಟ್ಟೆ.

ಆ ಕಡೆಯಿಂದ ದೊಡ್ಡ ನಗು. ರಘು ಮೇಜು ಗುದ್ದುತ್ತಿದ್ದಾನೆ. ಹಬೀಬ್ ಸರ್ ಬಾಗಿಲಲ್ಲೇ ನಿಂತು ಕೇಳುತ್ತಿದ್ದಾರೆ, ಉಳಿದ ಮಂಟಪಗಳಿಗೆ ಯಾವಾಗ ಹಾಕೋಣ ಎಂದು. ನನ್ನನ್ನು ಕೇಳುತ್ತಿದ್ದಾರೆ! ಪಿರಿಯಾಪಟ್ಟಣದಿಂದ ಶುರು ಸರ್, ಆಮೇಲೆ ಕೆ.ಆರ್.—