ಒದ್ದೆ ಬಟ್ಟೆ ಸುತ್ತಬಾರದು

3 ಮಾರ್ಚ್ 2025, ಸೋಮವಾರ

ಮತ್ತೆ ಶಾಲೆಗೆ ಹೋಗಿಬಂದೆ. ಐದನೇ ಸಲ. ಹತ್ತು ಲ್ಯಾಪ್‌ಟಾಪು ಅದೇ ಅಲಮಾರಿನಲ್ಲಿ. ಬಾಗಿಲ ಮೇಲೆ ಆಯುಧಪೂಜೆಯ ಕುಂಕುಮ ಇನ್ನೂ ಇದೆ. ಬಂದದ್ದು ಜುಲೈನಲ್ಲಿ. ಹೊರಗೆ ತೆಗೆದದ್ದು ಎರಡೇ ಸಲ – ಕೊಟ್ಟವರ ಫೋಟೋಕ್ಕೆ ಒಮ್ಮೆ, ಪೂಜೆಗೆ ಒಮ್ಮೆ.

ಹೆಡ್‌ಮಾಸ್ಟರ್ ಬಸವಪ್ರಸಾದ ಕೆಟ್ಟ ಮನುಷ್ಯನಲ್ಲ. ಅಂಜುಬುರುಕ.

"ಹುಡುಗ್ರು ಕಣ್ಣು ಕೆಡಿಸ್ಕೊಂತಾವ್ರಿ ಮಾರೆಪ್ಪ ಸರ. ಬ್ಯಾಡಾದ್ದು ನೋಡ್ತಾವ. ಒಂದು ಕೆಟ್ರ ನನ್ನ ಕೊಳ್ಳಿಗಿ ಬರ್ತದ."

"ಬಾವ್ಯಾಗ ಬೀಳ್ತಾರಂತ ಈಜು ಕಲಿಸೋದು ಬಿಟ್ಟೀವೇನ್ರಿ?"

"ನೀವು ರಿಟೈರ್ ಆಗೀರಿ. ಮಾತಾಡ್ತೀರಿ."

ಮಾತಾಡುತ್ತೇನೆ. ಯಾಕೆಂದರೆ ನೆನಪಿದೆ. ದೇವದುರ್ಗದ ಲೈಬ್ರರಿಯಲ್ಲಿ ಕೆಲಸಕ್ಕಿದ್ದಾಗ ಎದುರಿನ ಶಾಲೆಗೆ ಟಿವಿ ಬಂದಿತ್ತು. ಮುಸುಕು ಹೊದ್ದುಕೊಂಡೇ ಸತ್ತಿತು, ಇಲಿ ವೈರು ತಿಂದು. ಆಮೇಲೆ ಇಲ್ಲಿ, ಮಾನ್ವಿಯಲ್ಲಿ, ಕಂಪ್ಯೂಟರು. ಅದೂ ಹಾಗೇ. ನನ್ನ ಲೈಬ್ರರಿಯ ವಿಶ್ವಕೋಶಗಳು ಸಹ ಗಾಜಿನ ಹಿಂದೆ ಹಳದಿಯಾದವು. ಕೀಲಿ ನನ್ನ ಬಳಿಯೇ ಇತ್ತು... ಅದನ್ನು ಎಲ್ಲೂ ಹೇಳಿಕೊಂಡಿಲ್ಲ.

ಕೊನೆಗೆ ಒಪ್ಪಿದರು. ದಿನಾ ಒಂದು ಪೀರಿಯಡ್ ಬಳಸುವುದು. ಶನಿವಾರ ಏಳನೇ ತರಗತಿಯ ಒಬ್ಬರು ಒಂದನ್ನು ಮನೆಗೆ ಒಯ್ಯುವುದು. ನಿಯಮ ನಾನು ಬರೆಯಬೇಕು. ಜವಾಬ್ದಾರಿ ನನ್ನದೆಂದು ಸಹಿಯೂ ಹಾಕಬೇಕು. ಹಾಕಿದೆ.

5 ಮಾರ್ಚ್, ಬುಧವಾರ

ಹನ್ನೊಂದು ನಿಯಮ ಬರೆದೆ. ನಾಲ್ಕು ಪುಸ್ತಕ ತಿರುವಿ ಹಾಕಿ. ನೇರ ಕುಳಿತುಕೊಳ್ಳತಕ್ಕದ್ದು. ಇಪ್ಪತ್ತು ನಿಮಿಷಕ್ಕೊಮ್ಮೆ ದೃಷ್ಟಿಯನ್ನು ದೂರಕ್ಕೆ ಹಾಯಿಸತಕ್ಕದ್ದು. ಯಂತ್ರವನ್ನು ಸದಾ ತಂಪಾಗಿ ಇರಿಸತಕ್ಕದ್ದು. ಹೆಂಡತಿ ಸೂಗಮ್ಮನಿಗೆ ಓದಿ ಹೇಳಿದೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದಳು –

"ಇದು ಮಕ್ಕಳಿಗಿ ಬರ್ದೀರೋ, ಕೋರ್ಟಿಗೋ?"

ನಲವತ್ತು ವರ್ಷದಿಂದ ಇದೇ ಧಾಟಿ.

6 ಮಾರ್ಚ್, ಗುರುವಾರ

ಮೊದಲ ಪೀರಿಯಡ್. ಇಪ್ಪತ್ತು ನಿಮಿಷದ ನಿಯಮ ಕೆಟ್ಟಿತು. ಎಷ್ಟು ಹೊತ್ತಾಯಿತೆಂದು ತಿಳಿಯಲು ಮಕ್ಕಳು ಪರದೆಯ ಮೂಲೆಯ ಗಡಿಯಾರವನ್ನೇ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತ ಕೂತವು. ಅರೀಬಾ ಎಂಬ ಹುಡುಗಿ ಕೈ ಎತ್ತಿದಳು.

"ಸರ, ರಾಯಚೂರು ರೋಡಿಗಿ ಬಸ್ ಹಾದಾಗೊಮ್ಮಿ ಏಳೂಣ್ರಿ. ನಮ್ಮನಿನೂ ರೋಡಿಗೇ ಅದ. ಕಿವಿಗಿ ಕೇಳ್ತದ, ನೋಡೋದು ಬ್ಯಾಡ."

ಬಸ್ಸು ಹಾದಿತು. ಮೂವತ್ತು ಮಕ್ಕಳು ಎದ್ದು ಕಿಟಕಿಯ ಆಚೆ ಬೇವಿನ ಮರ ನೋಡಿದರು. ನಾನೂ ನೋಡಿದೆ. ನಾಲ್ಕು ಪುಸ್ತಕದಲ್ಲಿ ಇದು ಇರಲಿಲ್ಲ.

8 ಮಾರ್ಚ್, ಶನಿವಾರ

ಮೊದಲ ಲ್ಯಾಪ್‌ಟಾಪ್ ಅರೀಬಾಳ ಕೈಗೆ. ಅಪ್ಪ ಗುಲಾಮ್ ದಸ್ತಗೀರ್ ಸಂತೆಯಲ್ಲಿ ಉಳ್ಳಾಗಡ್ಡಿ ಮಾರುವವ. ಅಜ್ಜಿ ಖಾಸಿಂ ಬೀ ಕರೆದೊಯ್ಯಲು ಬಂದಿದ್ದರು. ಕೂಸನ್ನು ಎತ್ತಿಕೊಂಡಂತೆ ಎತ್ತಿಕೊಂಡರು. ನಿಯಮದ ಹಾಳೆಯನ್ನೂ ಮಡಚಿ ಸೆರಗಿಗೆ ಕಟ್ಟಿಕೊಂಡರು.

10 ಮಾರ್ಚ್, ಸೋಮವಾರ, ಬೆಳಿಗ್ಗೆ

ಸತ್ತಿದೆ. ದಸ್ತಗೀರ್ ಶಾಲೆಯ ಬಾಗಿಲು ತೆರೆಯುವ ಮೊದಲೇ ಬಂದು ಕಾದಿದ್ದು, ಲ್ಯಾಪ್‌ಟಾಪನ್ನು ಹೆಡ್‌ಮಾಸ್ಟರರ ಮೇಜಿನ ಮೇಲಿಟ್ಟು ಹೋದನಂತೆ. ಒತ್ತಿದರೆ ಬೆಳಕಿಲ್ಲ. ಅಲುಗಿಸಿದರೆ ಒಳಗೆ ನೀರಿನ ಸದ್ದು. ಅರೀಬಾ ಶಾಲೆಗೆ ಬಂದಿಲ್ಲ. ಬಸವಪ್ರಸಾದ ಉಳಿದ ಒಂಬತ್ತನ್ನೂ ಒಳಗಿಟ್ಟು ಕೀಲಿ ಹಾಕಿದರು, ಅಷ್ಟೇ.

ಇದೇ ನಮ್ಮ ಜನ. ಅಸಡ್ಡೆ. ಕೊಟ್ಟದ್ದನ್ನು ಉಳಿಸಿಕೊಳ್ಳುವುದು ಗೊತ್ತಿಲ್ಲ. ಹನ್ನೊಂದು ನಿಯಮ ಬರೆದುಕೊಟ್ಟರೂ ಓದುವ ವ್ಯವಧಾನ ಇಲ್ಲ. ಈಗಲೇ ಹೋಗಿ ಕೇಳುತ್ತೇನೆ.

ಅದೇ ದಿನ, ಸಂಜೆ

ಮೇಲಿನ ನಾಲ್ಕು ಸಾಲು ಹೊಡೆದುಹಾಕಬೇಕೆನಿಸಿತು. ಬೇಡ. ಇರಲಿ.

ಅರೀಬಾಳದು ತಗಡಿನ ಮನೆ. ಗೋಡೆಗೆ ನನ್ನ ಹಾಳೆ ಅಂಟಿಸಿದ್ದಾರೆ, ಗಂಜಿ ಹಚ್ಚಿ. ಖಾಸಿಂ ಬೀ ಏಳನೇ ನಿಯಮದ ಮೇಲೆ ಬೆರಳಿಟ್ಟರು. ಓದಲು ಬರದು, ಜಾಗ ಮಾತ್ರ ಗೊತ್ತು.

"ತಂಪಾಗಿ ಇಡ್ರಿ ಅಂತ ನೀವೇ ಬರ್ದೀರಂತಲ್ರಿ. ಮೊಮ್ಮಗಳು ಓದಿ ಹೇಳಿದಳು. ನಿನ್ನಿ ಮಧ್ಯಾಹ್ನ ಆಕಿ ಅರಬ್ಬಿ ಓದಾಕ ಹೋಗಿದ್ದಳು. ಮುಟ್ಟಿ ನೋಡಿದ್ರ ಹಂಚಿನಂಗ ಕಾದಿತ್ತು. ನನಗೂ ರೋಜಾ ಉಪವಾಸ. ನೀರಿಲ್ಲದ ಜೀವ ಬಿಸಲಾಗ ಹೆಂಗಿರ್ತದ, ಗೊತ್ತಿಲ್ಲೇನು ನನಗ?"

ಕುಡಿಯುವ ನೀರಿನ ಮಡಕೆಗೆ ಸುತ್ತಿದ್ದ ಒದ್ದೆ ಅರಿವೆ ಬಿಚ್ಚಿ, ಲ್ಯಾಪ್‌ಟಾಪಿಗೆ ಸುತ್ತಿದರಂತೆ. ಒಣಗಿದಂತೆಲ್ಲ ನೀರು ಚಿಮುಕಿಸಿದರಂತೆ, ಸಂಜೆಯ ತನಕ. ರೋಜಾ ಬಿಡುವಾಗ ಮನೆಯವರೆಲ್ಲ ಬಿಸಿ ನೀರು ಕುಡಿದರು. ಮಡಕೆಯ ತಂಪನ್ನು ಅದಕ್ಕೆ ಕೊಟ್ಟಿದ್ದರಲ್ಲ.

ಇಡೀ ಮಾನ್ವಿಯಲ್ಲಿ ನನ್ನ ನಿಯಮವನ್ನು ಅಕ್ಷರಶಃ ಪಾಲಿಸಿದವರು ಇವರೊಬ್ಬರೇ.

ಅರೀಬಾ ಒಳಗಿನಿಂದ ಬರಲಿಲ್ಲ. "ಆಕಿ ಇನ್ನ ಸಾಲಿಗಿ ಬರಂಗಿಲ್ಲಂತ್ರಿ. ಎಲ್ಲಾರ್ದೂ ನನ್ನಿಂದ ಹೋತು ಅಂತ ಅಳ್ತಾಳ," ಎಂದರು ಖಾಸಿಂ ಬೀ. ಪರೀಕ್ಷೆಗೆ ಎರಡೇ ವಾರ.

15 ಮಾರ್ಚ್, ಶನಿವಾರ

ನಾಲ್ಕು ದಿನ ಬರೆಯಲಿಲ್ಲ. ನಾಚಿಕೆ.

ಇವತ್ತು ಬಸವಪ್ರಸಾದರಿಗೆ ಎಲ್ಲ ಹೇಳಿದೆ. ತಪ್ಪು ಹುಡುಗಿಯದಲ್ಲ, ಅಜ್ಜಿಯದಲ್ಲ, ಏಳನೇ ನಿಯಮದ್ದು. ಹಂಗಿಸುತ್ತಾರೆ ಎಂದುಕೊಂಡಿದ್ದೆ. ಅವರು ಕೀಲಿಗೊಂಚಲು ತಿರುವುತ್ತ ಹೇಳಿದರು –

"ಮೊದ್ಲು ಹುಡುಗೀನ ಕರ್ಕೊಂಡು ಬರ್ರಿ. ಮಷೀನ್ ಆಮ್ಯಾಲ. ಅದು ಜೀವಂತ ಬಂದ್ರ ಉಳಿದವ್ನೂ ಹೊರಗ ತಗೀತೀನಿ."

16 ಮಾರ್ಚ್, ಭಾನುವಾರ

ರಾಯಚೂರು. ತೀನ್ ಕಂದೀಲ್ ಹತ್ತಿರ ಮುದಸ್ಸಿರನ ರಿಪೇರಿ ಅಂಗಡಿ. ಅರೀಬಾ, ಖಾಸಿಂ ಬೀ, ನಾನು. "ನಿನ್ನ ತಪ್ಪಲ್ಲ" ಎಂದು ನಿನ್ನೆಯಿಂದ ಹೇಳಿದರೂ ಬಾರದವಳು, "ಒಳಗ ಏನದ ನೋಡೂಣ ಬಾ" ಎಂದದ್ದಕ್ಕೆ ಬಂದಳು.

ಮುದಸ್ಸಿರ ಬಿಚ್ಚಿದ. ಅಜ್ಜಿಯ ಕಡೆ ತಿರುಗಿ ನಕ್ಕ.

"ದಾದಿ, ಇದಕ್ಕ ಮೂಗು ಇಲ್ಲಿ ಅದ ನೋಡ್ರಿ. ಗಾಳಿ ಆಡಬೇಕು. ನೀವು ಮೂಗೂ ಮುಚ್ಚೀರಿ, ಮ್ಯಾಲ ಸ್ನಾನನೂ ಮಾಡಿಸೀರಿ."

"ಅರೆ, ಮೂಗು ಅದ ಅಂತ ಹಾಳ್ಯಾಗ ಬರ್ದಿಲ್ಲ, ಕೇಳು ಇವರಿಗಿ."

ನನ್ನ ಕಡೆ ನೋಡಿದರು ಇಬ್ಬರೂ. ಆಗ ಅರೀಬಾ ಮೊದಲ ಸಲ ನಕ್ಕಳು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಜ್ಜಿಯೂ.

ನೀರಿಗಿಂತ ಹೆಚ್ಚು ಲ್ಯಾಪ್‌ಟಾಪುಗಳನ್ನು ಕೊಲ್ಲುವುದು ಕೌದಿ ಎಂದ ಮುದಸ್ಸಿರ. ಮಲಗಿಕೊಂಡು, ಹಾಸಿಗೆಯ ಮೇಲಿಟ್ಟುಕೊಂಡು ನೋಡುತ್ತಾರಂತೆ – ಅದರ ಉಸಿರೂ ಹೋಗುತ್ತದೆ, ಇವರ ಕತ್ತೂ ಹೋಗುತ್ತದೆ. ಗಟ್ಟಿ ಹಲಗೆಯ ಮೇಲಿಡಬೇಕು. ಅರೀಬಾ ಎಲ್ಲ ಬರೆದುಕೊಂಡಳು. ಪೂರ್ತಿ ಒಣಗಲಿ, ಆಮೇಲೆ ನೋಡೋಣ ಎಂದ. ಭರವಸೆ ಕೊಡಲಿಲ್ಲ.

17 ಮಾರ್ಚ್, ಸೋಮವಾರ

ಅರೀಬಾ ಬಂದಳು. ಅಂಬರೇಶ ಎನ್ನುವವ ಹಿಂದಿನ ಬೆಂಚಿನಿಂದ, "ನಿಮ್ಮ ಲ್ಯಾಪ್‌ಟಾಪ್ ನೀರು ತಂಪದಾವೇನಬೇ?" ಎಂದ. "ಕುಡಿಯಾಕ ಬಾ, ಲೋಟ ತಗೊಂಡು," ಎಂದಳು. ಉಳಿದುಕೊಳ್ಳುತ್ತಾಳೆ ಇವಳು.

20 ಮಾರ್ಚ್, ಗುರುವಾರ

ನನ್ನ ಹಾಳೆ ಹರಿದೆ. ಹೊಸದನ್ನು ಏಳನೇ ತರಗತಿ ಬರೆಯಿತು. ಅರೀಬಾಳ ಅಕ್ಷರ. ತಿದ್ದಬಾರದೆಂದು ಕೈ ಕಟ್ಟಿಕೊಂಡು ಕೂತೆ.

ಒದ್ದೆ ಬಟ್ಟೆ ಸುತ್ತಬಾರದು. ಕಾದ್ರ ಬಂದ್ ಮಾಡಿ ನೆರಳಾಗ ಬಿಡಬೇಕು. ರೊಟ್ಟಿ ಹಲಗಿ ಮ್ಯಾಲ ಇಡಬೇಕು, ಕೌದಿ ಮ್ಯಾಲ ಅಲ್ಲ. ಬಸ್ ಹಾದ್ರ ಏಳಬೇಕು, ದೂರ ನೋಡಬೇಕು. ಪಾಸ್‌ವರ್ಡ್ ಅಂದ್ರ ದಾದಿ ಸೊಂಟದ ಕೀಲಿ ಇದ್ದಂಗ, ಅಣ್ಣ ಕೇಳಿದ್ರೂ ಕೊಡಬಾರದು. ಮಲಗೋ ಮುಂದ ಅದನ್ನೂ ಮಲಗಿಸಬೇಕು. ಹೆದರಿಕಿ ಬರೋದೇನರ ಕಂಡ್ರ ಮುಚ್ಚಿ ದೊಡ್ಡವರಿಗಿ ಹೇಳಬೇಕು. ದೊಡ್ಡವರು ಬೈಬಾರದು.

ಕೊನೆಯದನ್ನು ನೋಡಿ ಬಸವಪ್ರಸಾದ, "ಇದು ನಮಗೇನ್ರಿ?" ಎಂದರು. ನಮಗೇ ಎಂದೆ. ಸೂಗಮ್ಮನಿಗೆ ಓದಿದೆ. ರೊಟ್ಟಿ ನಿಲ್ಲಿಸಿ ಕೇಳಿದಳು.

27 ಮಾರ್ಚ್, ಗುರುವಾರ

ಮುದಸ್ಸಿರ ಫೋನ್ ಮಾಡಿದ. ಕೀಬೋರ್ಡ್ ಬದಲಾಯಿಸಿದ್ದಾನೆ. ದೀಪ ಹತ್ತಿದೆ. ಬ್ಯಾಟರಿ ಅಷ್ಟಕ್ಕಷ್ಟೆ, ಆದರೆ ಜೀವ ಇದೆ. ಹೇಳಿ ಬರಲೆಂದು ಅರೀಬಾಳ ಮನೆಗೆ ಹೋದೆ. ನಾಳೆ ಗಣಿತ ಪರೀಕ್ಷೆ, ಓದುತ್ತಿದ್ದಳು. ಖಾಸಿಂ ಬೀ ಆಕಾಶಕ್ಕೆ ಕೈ ಎತ್ತಿದರು. ಮಡಕೆಗೆ ಅದರ ಅರಿವೆ ಮರಳಿ ಬಂದಿತ್ತು.

5 ಏಪ್ರಿಲ್, ಶನಿವಾರ, ಹನ್ನೊಂದು ಗಂಟೆ

ಶಾಲೆಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಪರೀಕ್ಷೆ ಮುಗಿದಿದೆ. ಬಸವಪ್ರಸಾದ ತಾವೇ ಅಲಮಾರು ತೆರೆದರು. ಬಾಗಿಲಿನ ಕುಂಕುಮ ಒರೆಸಲಿಲ್ಲ, ಪಕ್ಕದಲ್ಲೇ ಮಕ್ಕಳ ಹಾಳೆ ಅಂಟಿಸಿದರು. ಬೇಸಿಗೆಯ ರಜೆಗೆ ಹತ್ತೂ ಹೊರಗೆ, ವಾರದ ಸರದಿಯಲ್ಲಿ. ಸರದಿಯ ಪಟ್ಟಿ ಅವರದೇ ಕೈಬರಹ. ಮೊದಲ ಹೆಸರು ಅರೀಬಾ. ನಾನು ಹೇಳಿದ್ದಲ್ಲ.

ಖಾಸಿಂ ಬೀ ಕಂಕುಳಲ್ಲಿ ರೊಟ್ಟಿ ಹಲಗೆ ಹಿಡಿದುಕೊಂಡೇ ಬಂದಿದ್ದಾರೆ. ಅರೀಬಾ ಪಕ್ಕದಲ್ಲಿ ಕೂತು, ರಿಪೇರಿಯಾಗಿ ಬಂದ ಲ್ಯಾಪ್‌ಟಾಪಿನಲ್ಲಿ ಹೊಸ ಕೀಲಿಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಿದ್ದಾಳೆ. ಎಲ್ಲ ಕೆಲಸ ಮಾಡುತ್ತಿವೆ. ಇನ್ನೊಂದು ಮಾತು ಬರೆಯಬೇಕು, ಆ ವಿಶ್ವಕೋಶಗಳ ಬಗ್ಗೆ. ಲೈಬ್ರರಿಗೆ ಹೋಗಿ ಕೇಳಬೇಕು, ಗಾಜಿನ ಬಾಗಿಲು ಈಗಲಾದರೂ...

"ಸರ, ಬಸ್ ಬಂತು. ಪೆನ್ ಇಡ್ರಿ."

"ಒಂದೇ ಸಾಲು ಅದವ್ವಾ."

"ಹಾಳ್ಯಾಗ ಎಲ್ಲಾರಿಗೂ ಅಂತ ಬರ್ದೀವಿ. ದೂರ ನೋಡ್ರಿ."

ಎದ್ದು ನಿಂತೇ ಬರೆಯುತ್ತಿದ್ದೇನೆ. ಬೇವಿನ ಮರ ಹೂ ಬಿಟ್ಟಿದೆ. ಅದರ ಆಚೆಗೆ ರಸ್ತೆ, ರಸ್ತೆಯ ಆಚೆಗೆ... ಸರಿ, ಪೆನ್ ಇಡುತ್ತೇನೆ.